ಬಾವಿಗೆ ಬಂದ ಆಫ್ರಿಕದ ಮುಗುಡು

ಮೂಡುಬಿದಿರೆಯಿಂದ ಮಿಜಾರಿಗೆ ಬರುವ ದಾರಿಯ ಬದಿಯಲ್ಲಿ ನಮ್ಮ ಮನೆ. ಹಿತ್ತಲ ಮೇಲ್ಬದಿಗೆ ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆ, ಅದರಲ್ಲಿ ವರ್ಷವಿಡೀ ನೀರು. ಮಸ್ಕತ್ತಿನ ಕೆಲಸ ಬಿಟ್ಟು ಬಂದ ಮೈದುನ ಅಲ್ಲಿ ಮೀನು ಸಾಕಲು ಹೊರಟ. ಯಾರೋ ತಂದುಕೊಟ್ಟ ಮರಿಗಳು ನೋಡಲು ಊರಿನ ಮುಗುಡು ಮೀನಿನಂತೆಯೇ ಮೀಸೆ ಬಿಟ್ಟುಕೊಂಡಿದ್ದವು. ಅದು ಆಫ್ರಿಕದ ಜಾತಿ, ಸಾಕಬಾರದೆಂದು ಸರಕಾರದ ನಿಷೇಧವಿದೆ ಎಂಬುದು ಆಗ ನಮಗೆ ಗೊತ್ತಿರಲಿಲ್ಲ.

ಅವುಗಳ ಊಟ ಕೋಳಿ ಅಂಗಡಿಯ ಕಸ. ಕರುಳು, ತಲೆ, ಪುಕ್ಕ ತುಂಬಿದ ಬಕೆಟ್ ದಿನಾ ಸ್ಕೂಟರಿನಲ್ಲಿ ಬರುತ್ತಿತ್ತು. ಸುರಿದ ಕೂಡಲೇ ಕಪ್ಪು ಲೋಳೆ ಮೈಗಳು ಒಂದರ ಮೇಲೊಂದು ಹೊರಳಿ ಬಾಯಿ ತೆರೆಯುತ್ತಿದ್ದವು. ಒಗೆದು ಹಾಕಿದ ಬಟ್ಟೆಗೂ ಆ ನಾತ.

“ಮಾರಾಯ, ನನಗೆ ಅನ್ನ ಇಳಿಯುವುದಿಲ್ಲ” ಎಂದೆ.

“ಮಳೆ ಬರ್ಲಿ ಅತ್ತಿಗೆ, ವಾಸನೆ ಎಲ್ಲ ಹೋಗ್ತದೆ” ಎಂದ.

ಮಳೆ ಬಂತು. ಕೋರೆ ತುಂಬಿ, ಅಂಗಳದ ಮೇಲೆ ಹರಿದು, ತಗ್ಗಿನಲ್ಲಿದ್ದ ಕಟ್ಟೆಯಿಲ್ಲದ ನಮ್ಮ ಬಾವಿಗೂ ನುಗ್ಗಿ, ಕೆಳಗೆ ಹೊಳೆ ಸೇರುವ ತೋಡಿಗೆ ಇಳಿಯಿತು. ನೀರು ತಿಳಿಯಾಗಲೆಂದು ನಾಲ್ಕು ದಿನ ಕಾದೆವು. ಐದನೆಯ ಬೆಳಿಗ್ಗೆ ಅದೇ ನೀರಿನ ಗಂಜಿ ಉಂಡು, ಇನ್ನೊಂದು ಕೊಡಪಾನ ಸೇದಿದೆ. ಹಗ್ಗ ಭಾರವೆನಿಸಿತು. ಕೊಡಪಾನದ ಬಾಯಿಯಿಂದ ಮೀಸೆಗಳು ಹೊರಬಂದವು, ಆಮೇಲೆ ಚಪ್ಪಟೆ ತಲೆ. ಕೈಬಿಟ್ಟು, ಅಲ್ಲೇ ಕೂತು, ಉಂಡ ಗಂಜಿಯನ್ನೆಲ್ಲ ಕಾರಿದೆ.

ಮೈದುನ ಪಂಪು ಇಟ್ಟು ಬಾವಿ ಖಾಲಿ ಮಾಡಿಸಿದ. ಕೆಸರಿನಲ್ಲಿ ಏಳು ಮೀನು ಸಿಕ್ಕವು. ಬಾವಿಯಲ್ಲಿದ್ದ ಸಣ್ಣ ಮೀನು, ಕಪ್ಪೆ ಒಂದೂ ಉಳಿದಿರಲಿಲ್ಲ. ಆ ಏಳರಲ್ಲಿ ಒಂದರ ಹೊಟ್ಟೆ ಸೀಳಿದಾಗ ಅರ್ಧ ಕರಗಿದ ಕಪ್ಪೆ, ಅದರ ಕಾಲಿಗೆ ಸುತ್ತಿಕೊಂಡ ಕೋಳಿಪುಕ್ಕ. ಆ ನೀರನ್ನೇ ನಾವು ಕುಡಿದಿದ್ದೆವು.

ಮೀನುಗಾರಿಕೆ ಇಲಾಖೆಯವರನ್ನು ಕೇಳಿದಾಗ, ಕೋರೆಯನ್ನೂ ಖಾಲಿ ಮಾಡಿ ಎಲ್ಲವನ್ನೂ ಕೊಂದು ಹೂಳಿ ಎಂದರು. ಮೈದುನನಿಗೆ ಮನಸ್ಸಿಲ್ಲ.

“ಹೊಳೆಗೆ ಬಿಡುವ ಅತ್ತಿಗೆ. ಪಾಪ ಅಲ್ವಾ?”

“ಹೊಳೆಯ ನೀರು ಕುಡಿಯುವವರು ಪಾಪ ಅಲ್ವಾ?”

ಮಳೆ ಬಿಟ್ಟ ಮೇಲೆ ಅವನೇ ಎರಡು ಪಂಪು ಹಚ್ಚಿ ಕೋರೆಯ ನೀರು ಬತ್ತಿಸಿ ಬಲೆ ಎಳೆಸಿದ. ನೀರಿಲ್ಲದೆಯೂ ಅವು ಸಾಯುತ್ತಿರಲಿಲ್ಲ. ಬುಟ್ಟಿಯಲ್ಲಿ ಗಂಟೆಗಟ್ಟಲೆ ಉಸಿರಾಡಿದವು, ಒಂದೆರಡು ಹೊರಗೆ ಬಿದ್ದು ಒದ್ದೆ ಹುಲ್ಲಿನ ಮೇಲೆ ಮೊಣಕೈ ಊರಿದವರಂತೆ ತೆವಳಿದವು. ಒಂದೊಂದರ ತಲೆಗೂ ಬಡಿದದ್ದು ಮೈದುನನೇ. ಗುಂಡಿಗೆ ಸುಣ್ಣ ಹಾಕಿ ಮುಚ್ಚಿದ್ದು ನಾನು. ಸಾಬೂನು ಮುಗಿಯುವವರೆಗೆ ತೊಳೆದರೂ ಕೈಯ ಲೋಳೆ ಹೋದಂತೆ ಅನಿಸಲಿಲ್ಲ.

ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದೆವು, ಸೊಂಟದೆತ್ತರಕ್ಕೆ ಕಟ್ಟೆ ಕಟ್ಟಿಸಿದೆವು. ನಾನು ಮಾತ್ರ ಒಂದು ವರ್ಷ ಪಕ್ಕದ ಮನೆಯಿಂದಲೇ ಕುಡಿಯುವ ನೀರು ತಂದೆ.

ಈ ಮಳೆಗಾಲದಲ್ಲಿ ಕೆಳಗಿನ ಗದ್ದೆಯವರು ತೋಡಿನಲ್ಲಿ ಗಾಳ ಹಾಕಿ ತೋಳುದ್ದದ ಮುಗುಡು ಹಿಡಿದರು. ಊರಿನ ಮುಗುಡು ಅಷ್ಟುದ್ದ ಬೆಳೆಯುವುದಿಲ್ಲ. ಖುಷಿಯಿಂದ ನಮಗೆ ತೋರಿಸಲು ತಂದರು. ಮೈದುನ ಅದನ್ನು ನೋಡಿದ, ತಿರುಗಿ ಒಳಗೆ ಹೋದ.