ತೂತು ಬಿದ್ದ ಗೂಡು

ಹೋದ ವಾರ ರಾಮನಗರದಲ್ಲಿ ಬಸ್ಸಿಳಿದಾಗ ರೇಷ್ಮೆಗೂಡು ಬೇಯುವ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿದ್ದ ಹುಡುಗಿ ದುಪಟ್ಟಾವನ್ನು ಮೂಗಿಗೊತ್ತಿಕೊಂಡಳು. ಯಾರನ್ನು ಕಂಡರೂ ಅಣಕಿಸುವ ನಾನು ಅವಳನ್ನು ಮಾತ್ರ ಬಿಟ್ಟೆ. ಆ ವಾಸನೆಯೊಳಗೆ ಪಕ್ಕದ ಮನೆ ಮಾವ ನಿಂತಿದ್ದರು...

ನಮ್ಮ ಗೋಡೆಗೆ ಅಂಟಿಕೊಂಡೇ ಮಾವನ ನೂಲು ತೆಗೆಯುವ ಘಟಕವಿತ್ತು. ಬೆಳಗಾಗುತ್ತಲೇ ಅವರ ಕೆಮ್ಮು ಕೇಳುತ್ತಿತ್ತು: ಎರಡು ಸಣ್ಣದು, ಒಂದು ದೊಡ್ಡದು. ಕುದಿನೀರಿನ ಬೇಸಿನ್ ಮುಂದೆ ಕೂತ ಹೆಂಗಸರು ಅಷ್ಟಕ್ಕೇ ಹರಟೆ ನಿಲ್ಲಿಸುತ್ತಿದ್ದರು. ನಾನು ಗೋಡೆಯಾಚೆಯಿಂದ ಹಾಗೆಯೇ ಕೆಮ್ಮಿ ಅವರನ್ನು ಬೆಚ್ಚಿಬೀಳಿಸುತ್ತಿದ್ದೆ. ಓದಿನಲ್ಲಿ ಬಾರದ ಹೆಸರು ನನಗೆ ಕೆಮ್ಮಿನಲ್ಲಿ ಬಂದಿತ್ತು. "ಲೇ, ನನ್ ಕೆಮ್ಮಿಗೆ ಬಾಡಿಗೆ ಕೊಡು ಕಣ್ಲಾ" ಎನ್ನುತ್ತಿದ್ದರು ಮಾವ.

ಅಂಥವರಿಗೆ ಕರುಳಿನ ಕ್ಯಾನ್ಸರ್ ಬಂತು. ಗೊತ್ತಾಗುವ ಹೊತ್ತಿಗೆ ಲಿವರ್‌ಗೂ ಹರಡಿತ್ತು. ಕೆಲವು ತಿಂಗಳ ಕಿಮೋ ಆದ ಮೇಲೆ ಬೆಂಗಳೂರಿನ ಡಾಕ್ಟರಮ್ಮ ಮಾವನನ್ನೂ ಅತ್ತೆಯನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದರು: ಹೊಟ್ಟೆ ಸೀಳುವುದಿಲ್ಲ, ಕೆಲವು ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಕರುಳಿನ ಗಡ್ಡೆಯನ್ನೂ ಲಿವರ್‌ನ ಕೆಟ್ಟ ಭಾಗವನ್ನೂ ತೆಗೆಯುತ್ತೇವೆ. ಈಗ ಕುಗ್ಗಿದೆ, ತಡಮಾಡಿದರೆ ಮತ್ತೆ ಬೆಳೆದು ಕೈಮೀರಬಹುದು.

"ನೋಡಣ ಬುಡಿ" ಎಂದು ಮಾವ ಎದ್ದುಬಿಟ್ಟರು.

ದಾರಿಯಲ್ಲಿ ನಾನು ಡಾಕ್ಟರಮ್ಮನ ದನಿ ತೆಗೆದೆ. ಮಾವ ನಗಲಿಲ್ಲ. ಮರುದಿನ ರಾಶಿಯಲ್ಲಿ ಗೂಡು ಆರಿಸುತ್ತಿದ್ದವರು, ಚಿಟ್ಟೆ ಕೊರೆದು ಹೊರಬಿದ್ದಿದ್ದ ಒಂದನ್ನು ನನ್ನ ಮುಂದೆ ಹಿಡಿದರು.

"ಇದ್ನ ಯಾವನ್ಲಾ ತಗತಾನೆ? ತೂತ್ ಬಿದ್ರೆ ಎಳೆಯೆಲ್ಲ ತುಂಡು ತುಂಡು. ನಾನು ತೂತ್ ಮಾಡುಸ್ಕಳಕಿಲ್ಲ. ಕುಯ್ಯದಾದ್ರೆ ಉದ್ದಕ್ ಕುಯ್ಯಲಿ, ಒಳಗೇನೈತೆ ಅಂತ ಕಣ್ಣಾರೆ ನೋಡ್ಲಿ."

"ಕ್ಯಾಮ್ರಾದಲ್ಲಿ ಇನ್ನೂ ದೊಡ್ಡದಾಗಿ ಕಾಣ್ತದಂತೆ ಮಾವ."

"ಸುಮ್ಕಿರ್ಲಾ ಕೋತಿ."

ಆಸ್ಪತ್ರೆಯಿಂದ ಫೋನು ಬರುತ್ತಲೇ ಇತ್ತು. ಮಾವ ಎತ್ತುತ್ತಿರಲಿಲ್ಲ. ಬೆಳಿಗ್ಗೆ ಗೋಡೆಯಾಚೆ ಕೆಮ್ಮು ಕೇಳಿಸುವತನಕ ನಾನು ಹಾಸಿಗೆಯಲ್ಲೇ ಉಸಿರು ಹಿಡಿದು ಮಲಗಿರುತ್ತಿದ್ದೆ. ಆ ದಿನಗಳಲ್ಲಿ ಯಾರ ದನಿಯೂ ನನ್ನ ಬಾಯಿಗೆ ಬರಲಿಲ್ಲ, ನನ್ನದೂ ಸೇರಿ.

ಕೊನೆಗೆ ಅತ್ತೆ ಮಾತಾಡಿದರು. ಬೇಸಿನ್ನಿನಲ್ಲಿ ಎಳೆ ಹುಡುಕುತ್ತ, ತಲೆಯೆತ್ತದೆ ಮಾವನನ್ನು ಕೇಳಿದರು: "ತೂತಿಲ್ದಿರೋ ಗೂಡ್ನ ನಾವೇನ್ ಮಾಡ್ತೀವಿ?"

ಮಾವ ತೂತು ಬಿದ್ದ ಗೂಡೊಂದನ್ನು ಕೈಗೆತ್ತಿಕೊಂಡರು.

"ಬೇಯಿಸ್ತೀವಿ. ಹುಳ ಒಳಗೇ ಸಾಯ್ತದೆ. ತೂತ್ ಬಿದ್ದಿದ್ರಲ್ಲಿ ನೂಲ್ ಕೆಡ್ತದೆ, ಹುಳ ಬದ್ಕಂಡು ಎದ್ದೋಗಿರ್ತದೆ." ಸಿಕ್ಕ ಎಳೆಯನ್ನು ಹಾಗೇ ನೀರಿಗೆ ಬಿಟ್ಟು ಅಂದರು, "ನಂಗ್ ನೂಲ್ ಬ್ಯಾಡ."

ಮಾವ ಕೈಯಲ್ಲಿದ್ದ ಗೂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಫೋನು ಎಲ್ಲಿ ಎಂದು ಕೇಳಿದರು.

ಆಪರೇಷನ್ ದಿನ, ಬಾಗಿಲು ತೆರೆದಾಗಲೆಲ್ಲ ಅತ್ತೆ ಎದ್ದು ನಿಲ್ಲುತ್ತಿದ್ದರು. ಪ್ರತಿ ಸಲವೂ ನರ್ಸು ಬೇರೆ ಯಾರದೋ ಹೆಸರು ಕರೆಯುತ್ತಿದ್ದಳು. ಹೊತ್ತು ಇಳಿಯುವಾಗ ಡಾಕ್ಟರಮ್ಮ ಬಂದು, ಕಂಡದ್ದನ್ನೆಲ್ಲ ತೆಗೆದಿದ್ದೇವೆ ಎಂದರು. ಅತ್ತೆ ಆಗಲೂ ನಿಂತೇ ಇದ್ದರು, ಕೂರುವುದು ಮರೆತವರಂತೆ.

ಊರಿಗೆ ಬಂದ ಮಾವ ಅಂಗಿ ಎತ್ತಿ ಎಲ್ಲರಿಗೂ ತೂತಿನ ಗುರುತು ತೋರಿಸಿದರು. "ಇಷ್ಟೇನಾ? ಡಾಕ್ಟ್ರು ಏನೂ ಮಾಡ್ದಂಗಿಲ್ವಲ್ಲ" ಎಂದ ಅಂಗಡಿಯವನಿಗೆ, "ನಿನ್ ಬಾಯಿಗಿಂತ ಸಣ್ಣ ತೂತು ಕಣ್ಲಾ, ಅದ್ಕೇ ಕೆಲ್ಸ ನೆಟ್ಟಗಾಗೈತೆ" ಎಂದರು. ನಗುವಾಗ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ನಾನು ಬೇಕೆಂದೇ ನಗಿಸುತ್ತಿದ್ದೆ.

ಹಾಗೆ ಒಂದಷ್ಟು ಕಾಲ ಸಿಕ್ಕಿತು. ಆಮೇಲೆ ಲಿವರ್‌ನಲ್ಲಿ ಮತ್ತೆ ಕಾಣಿಸಿಕೊಂಡಿತು. ಆ ಸಲ ತೂತಿಗೂ ಸಿಗಲಿಲ್ಲ, ಕತ್ತಿಗೂ ಸಿಗಲಿಲ್ಲ...

ಹೋದ ವಾರ ಬಸ್ಸಿಳಿದವನು, ಮಾವ ತೀರಿಕೊಂಡ ಮೇಲೆ ಅತ್ತೆಯೇ ನಡೆಸುತ್ತಿದ್ದ ಘಟಕಕ್ಕೇ ನೇರ ಹೋದೆ. "ಯಾರ್ದಾರ ದನಿ ತಗಿಯಪ್ಪ, ನಕ್ಕು ಶಾನೆ ದಿನ ಆಯ್ತು" ಎಂದರು ಅತ್ತೆ. ಕಂಡಕ್ಟರನನ್ನು ಮಾಡಿದೆ, ಡಾಕ್ಟರಮ್ಮನನ್ನು ಮಾಡಿದೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಆ ಹುರುಪಿನಲ್ಲಿ, ಯೋಚಿಸದೆ ಕೆಮ್ಮಿಬಿಟ್ಟೆ. ಎರಡು ಸಣ್ಣದು, ಒಂದು ದೊಡ್ಡದು.

ಹರಟೆ ನಿಂತಿತು. ಅತ್ತೆ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿದರು. ಅಲ್ಲಿ ಬಿಸಿಲಿತ್ತು.