ಗಿಟಾರಿನ ಜಡ್ಡು

ತಂತಿಗೆ ಬೆರಳೊತ್ತಿ ಮೂರು ಕಾರ್ಡ್ ನುಡಿಸಲು ಕಲಿತ ಕೂಡಲೇ ತಾನೊಬ್ಬ ಸಂಗೀತಗಾರ ಎಂದು ಮನುಷ್ಯನನ್ನು ನಂಬಿಸಿಬಿಡುವ ವಾದ್ಯ ಗಿಟಾರ್ ಒಂದೇ. ಪಡ್ಡೆ ಹುಡುಗರು ಇವತ್ತಿಗೂ ಅದಕ್ಕೆ ಗಂಟುಬೀಳುವುದು ಇದೇ ಕಾರಣಕ್ಕೆ. ವೀಣೆಯವರು ಬೇಕಾದರೆ ಹತ್ತು ವರ್ಷ ಕೂತು ಕಲಿಯಲಿ, ನಮಗೆ ಅಷ್ಟು ಪುರುಸೊತ್ತು ಇರಲಿಲ್ಲ.

ಸ್ವಾತಂತ್ರ್ಯ ಬಂದ ಹೊಸತು, ನಮ್ಮ ಊರು ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಹೊಸಂಗಡಿಯ ಒಂದು ಟೈಲರ್ ಅಂಗಡಿಯಲ್ಲಿ ನಾವು ನಾಲ್ವರು ಒಂದೇ ಗಿಟಾರಿಗೆ ಜೋತುಬಿದ್ದಿದ್ದೆವು. ಅದು ಟೈಲರನದು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್, ಬೊಂಬಾಯಿಯಲ್ಲಿ ಕೋಟು ಹೊಲಿದು ಬಂದವನು. ನಾನು ಬಸ್ಸಿನ ಕಂಡಕ್ಟರ್. ಮಧ್ಯಾಹ್ನ ಬಸ್ಸು ನಿಂತ ಹೊತ್ತಿನಲ್ಲಿ ಚೀಲ ಮೂಲೆಗೆಸೆದು ಅಲ್ಲಿ ಕೂರುತ್ತಿದ್ದೆ. ಗಿಟಾರ್ ವಾರಕ್ಕೊಬ್ಬರಂತೆ ನಮ್ಮ ಮನೆಗಳಿಗೆ ಹೋಗಿ ಬರುತ್ತಿತ್ತು.

ತಂತಿ ಕಡಿದರೆ ಹೊಸದು ಸಿಗುತ್ತಿರಲಿಲ್ಲ. ಬಸ್ಸಿನ ಹಳೆಯ ಕೇಬಲ್ ಬಿಚ್ಚಿ, ಒಂದೊಂದೇ ಎಳೆ ತೆಗೆದು ಕಟ್ಟುತ್ತಿದ್ದೆವು. ಆ ಉಕ್ಕಿನ ಎಳೆ ಎಡಗೈ ಬೆರಳುಗಳನ್ನು ಸೀಳಿಹಾಕುತ್ತಿತ್ತು. ಗಿಟಾರಿನ ಕೊರಳಿಗೆ ರಕ್ತ ಹತ್ತಿದರೆ ಟೈಲರ್ ನಗುತ್ತಿದ್ದ.

"ಎರಡು ತಿಂಗಳು ತಡಕೊ ಮಾರಾಯ. ಮತ್ತೆ ನಿನಗೆ ಎಂತದೂ ಗೊತ್ತಾಗುದಿಲ್ಲ."

ಅವನು ಹೇಳಿದ ಹಾಗೆಯೇ ಆಯಿತು. ನಾಲ್ಕು ಬೆರಳ ತುದಿಯೂ ಜಡ್ಡುಗಟ್ಟಿತು. ಉರಿಯುವ ಬೀಡಿಯನ್ನು ಅದರಲ್ಲೇ ಒತ್ತಿ ಆರಿಸಿ ಪ್ರಯಾಣಿಕರನ್ನು ಬೆಚ್ಚಿಬೀಳಿಸುತ್ತಿದ್ದೆ. ನನ್ನ ಜಂಬ ಅಷ್ಟಿಷ್ಟಲ್ಲ.

ನನ್ನ ಅಪ್ಪ ಕೋಳಿ ಅಂಕದಲ್ಲಿ ಕಾದಾಡುವ ಹುಂಜದ ಕಾಲಿಗೆ ಸಣ್ಣ ಕತ್ತಿ ಕಟ್ಟುವವನು. ಮಂಗಲ್ಪಾಡಿಯಿಂದ ಮೀಂಜದವರೆಗೆ ಅವನ ಕೈಗೆ ಹೆಸರಿತ್ತು. ಕತ್ತಿಯ ಬುಡವನ್ನು ಎಡಗೈ ಬೆರಳಲ್ಲಿ ಒತ್ತಿ ಹಿಡಿದು ಬಲಗೈಯಲ್ಲಿ ನೂಲು ಸುತ್ತಬೇಕು. ಬಿಗಿ ಹೆಚ್ಚಾದರೆ ಹುಂಜದ ಕಾಲು ಮರಗಟ್ಟುತ್ತದೆ, ಕಡಿಮೆಯಾದರೆ ಕತ್ತಿ ತಿರುಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳ ತುದಿಗೆ ಮಾತ್ರ ತಿಳಿಯುತ್ತದೆ. ಇದನ್ನು ಅವನು ನನಗೆ ಕೆನ್ನೆಗೆ ಬಾರಿಸಿ ಬಾರಿಸಿ ಕಲಿಸಿದ್ದ.

ಆ ವರ್ಷದ ಅಂಕದಲ್ಲಿ, ಊರಿನವರೆಲ್ಲ ಸುತ್ತ ನಿಂತಿದ್ದಾಗ, ಅವನು ನೂಲು ನನ್ನ ಕೈಗೆ ಕೊಟ್ಟ. "ಇವತ್ತಿಂದ ಮಗ ಕಟ್ತಾನೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹುಂಜವೂ ನಮ್ಮದೇ, ಅವನೇ ಅಂಗೈಯಲ್ಲಿ ಕಾಳು ತಿನ್ನಿಸಿ ಬೆಳೆಸಿದ್ದು.

ನಾನು ಕಟ್ಟಿದೆ. ಬೆರಳಿಗೆ ಏನೂ ತಿಳಿಯಲಿಲ್ಲ. ಆಗಲೇ "ಅಪ್ಪ, ಒಮ್ಮೆ ನೋಡು" ಎನ್ನಬೇಕಿತ್ತು. ಅಷ್ಟು ಜನರ ಎದುರು ಬಾಯಿ ಬರಲಿಲ್ಲ.

ಎರಡನೇ ಸಲ ಹಾರಿದಾಗಲೇ ಕತ್ತಿ ಒಳಮುಖ ತಿರುಗಿತು. ಕೆಳಗಿಳಿಯುವಾಗ ನಮ್ಮ ಹುಂಜ ತನ್ನ ಹೊಟ್ಟೆಯನ್ನೇ ಸೀಳಿಕೊಂಡಿತು. ಕರುಳು ಮಣ್ಣಿಗೆ ಬಿದ್ದರೂ ಮತ್ತೆ ಹಾರಲು ನೋಡಿತು. ಎದುರಿನ ಹುಂಜ ಅದರ ಕಣ್ಣು ಕುಕ್ಕಿತು. ಜನ ನಕ್ಕರು. ಯಾರೋ ಒಬ್ಬ, "ಅಪ್ಪ ಬೇರೆಯವರ ಕೋಳಿ ಕೊಲ್ಲಿಸ್ತಿದ್ದ, ಮಗ ಮನೆಯದ್ದೇ ಮುಗಿಸಿದ" ಎಂದು ಕೂಗಿದ.

ಅಪ್ಪ ಹುಂಜದ ಕಾಲಿನ ಕತ್ತಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ನಡೆದ. ಆ ವಾರ ಗಿಟಾರ್ ನಮ್ಮ ಮನೆಯಲ್ಲಿತ್ತು, ಜಗಲಿಯ ಗೋಡೆಗೆ ಒರಗಿಸಿಟ್ಟಿದ್ದೆ. ಜಗಲಿ ಹತ್ತಿದ ಕೂಡಲೇ ಅವನು ನನ್ನ ಎಡಗೈ ಹಿಡಿದು ಬೆರಳ ತುದಿಗಳನ್ನು ಒಂದೊಂದಾಗಿ ಹಿಸುಕಿ ನೋಡಿದ.

"ಇದು ಬೆರಳಾ? ಇದು ಎಮ್ಮೆಯ ಗೊರಸು!"

ಕೋಳಿಯ ರಕ್ತ ಇನ್ನೂ ಒಣಗದ ಅದೇ ಕತ್ತಿ ಅವನ ಸೊಂಟದಲ್ಲಿತ್ತು. ನನ್ನ ಕೈಯನ್ನು ಕಂಬಕ್ಕೆ ಒತ್ತಿ ಮೊಣಕಾಲಿನಿಂದ ಅಮುಕಿ, ತೋರುಬೆರಳಿನ ಜಡ್ಡನ್ನು ಮಾವಿನಕಾಯಿಯ ಸಿಪ್ಪೆಯಂತೆ ಹೆರೆದು ತೆಗೆದ. ಆಮೇಲೆ ನಡುಬೆರಳು. ಒಳಗಿಂದ ಓಡಿಬಂದ ಅಮ್ಮ ಅವನ ಬೆನ್ನಿಗೆ ಗುದ್ದಿ ಗುದ್ದಿ ಅತ್ತಳು.

"ಬಿಡಿ, ಕೈ ಹೋಗ್ತದೆ ಅವನದ್ದು!"

ಅವನು ಉಂಗುರದ ಬೆರಳಿಗೆ ಕತ್ತಿ ಇಟ್ಟ. ನಾನು ಇನ್ನೆಂದೂ ನುಡಿಸಲಾರೆ ಎಂದು ಆಗ ನನಗೆ ಹೊಳೆಯಿತು. ನೋವಿಗಿಂತ ಅದೇ ತಲೆಗೇರಿತು. ಬಲಗೈಗೆ ಗಿಟಾರಿನ ಕೊರಳು ಸಿಕ್ಕಿತು. ಎತ್ತಿ ಅವನ ತಲೆಗೆ ಬೀಸಿದೆ. ಸಾಯಲಿ ಎಂದೇ ಬೀಸಿದೆ, ಸುಳ್ಳು ಏಕೆ ಹೇಳಲಿ. ಅವನು ಬಲಗೈ ಅಡ್ಡ ಹಿಡಿದ. ಗಿಟಾರಿನ ಪೊಳ್ಳು ಪೆಟ್ಟಿಗೆಯ ಅಂಚು ಅವನ ಮಣಿಕಟ್ಟಿಗೆ ಬಿದ್ದು ಒಡೆಯಿತು. ಅಪ್ಪ ಅಲ್ಲೇ ಕುಸಿದು ಕೂತ. ಅವನ ಕೈ ನೇತಾಡುತ್ತಿತ್ತು.

ನಾಟಿ ವೈದ್ಯರು ಅಪ್ಪನ ಕೈಗೆ ಬಿದಿರಿನ ಪಟ್ಟಿ ಕಟ್ಟಿದರು, ಎಣ್ಣೆ ಹಾಕಿ ತಿಕ್ಕಿದರು. ಎಲುಬು ಸೊಟ್ಟಗೆ ಕೂಡಿತು. ಬೆರಳು ಮಡಚಲು ಬರಲಿಲ್ಲ.

ನನ್ನ ಬೆರಳಿಗೆ ಮಳೆಗಾಲದೊಳಗೆ ಹೊಸ ಚರ್ಮ ಬಂತು. ಟೈಲರ್ ಒಡೆದ ಗಿಟಾರಿಗೆ ಅಂಟು ಹಾಕಿ ಬಟ್ಟೆ ಸುತ್ತಿ ಕೊಟ್ಟ. ನಾನು ಮತ್ತೆ ನುಡಿಸಿದೆ. ಜಡ್ಡೂ ಮತ್ತೆ ಬಂತು.

ಅಪ್ಪ ಮದುವೆ ಮನೆಗಳಿಗೆ ಹೋಗುವುದನ್ನು ನಿಲ್ಲಿಸಿದ. ಪಂಕ್ತಿಯಲ್ಲಿ ಕೂತು ಎಡಗೈಯಲ್ಲಿ ಉಣ್ಣುವುದು ಹೇಗೆ? ಮನೆಯಲ್ಲೂ ಎಡಗೈಯಿಂದ ಅನ್ನ ಮುಟ್ಟಲಿಲ್ಲ. ಅಮ್ಮ ಕಲಸಿ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಒಮ್ಮೆ ಅವಳು ತವರಿಗೆ ಹೋಗಿದ್ದಾಗ ನಾನು ಬಟ್ಟಲು ಹಿಡಿದು ಅವನ ಎದುರು ಕೂತೆ. ಅವನು ನನ್ನ ಕೈಯನ್ನು ನೋಡಿದ, ತುತ್ತಿಗೆ ಬಾಯಿ ತೆರೆಯಲಿಲ್ಲ. ಅಮ್ಮ ಬರುವವರೆಗೆ ಎರಡು ದಿನ ಬರೀ ಗಂಜಿ ತಿಳಿ ಕುಡಿದು ಮಲಗಿದ.