ಐದು ಜನರ ಮಾತು, ಆಯಿಯ ಕ್ಯಾಲೆಂಡರ್

ಐದು ಜನ ಒಂದೇ ಮಾತು ಹೇಳಿದರೆ ಅದು ನಿಜವೇ ಎಂದು ನಾನು ಗಟ್ಟಿಯಾಗಿ ನಂಬಿದ್ದೆ. ಚಿಕ್ಕೋಡಿಯ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದ ನನ್ನ ಸಂಶೋಧನೆ, ಕಾಗವಾಡ ಕಡೆಯ ನದಿದಂಡೆಯ ಊರೊಂದರಲ್ಲಿ ಹಿಂದೆ ಬಂದಿದ್ದ ಮಹಾಪೂರ ಎಲ್ಲಿಯವರೆಗೆ ಏರಿತ್ತು ಎಂಬುದರ ಮೇಲೆ. ನೆಲದ ಎತ್ತರ ನೋಡಿ ಅಂದಾಜಿನ ಮೇಲೆ ಒಂದು ಕರಡು ನಕ್ಷೆ ಮಾಡಿ, ಊರಿನ ವಾಟ್ಸಾಪ್ ಗುಂಪಿಗೂ ಹಾಕಿದ್ದೆ. ಅದರಲ್ಲಿ ಮೇಲಿನ ಓಣಿಗೆ ನೀರೇ ಮುಟ್ಟಿರಲಿಲ್ಲ. ಬೇಸಿಗೆಯಲ್ಲಿ ಹೋಗಿ ಊರಿನ ಐದು ಜನರನ್ನು ವಿಚಾರಿಸಿದಾಗ ಐವರೂ ಹಾಗೇ ಹೇಳಿದರು. ಮುಗಿಯಿತಲ್ಲ!

ಎಲ್ಲಿ ಮುಗಿಯಿತು? ಆ ಓಣಿಯ ಆಯಿ, ಎಪ್ಪತ್ತು ದಾಟಿದ ಅಜ್ಜಿ, ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಜಗಳಕ್ಕೇ ನಿಂತರು.

“ನಮ್ಮ ಹೊಸ್ತಲ ತನಕಾ ನೀರ ಬಂದಿತ್ತ ಯವ್ವಾ. ನಿನ್ನ ನಕ್ಷಾ ನೋಡಿ ಬೋಟ್ ಯಾವ್ಯಾವ ಓಣಿಗಿ ಕಳಸೂದ ಅಂತ ಪಂಚಾಯ್ತ್ಯಾಗ ಬರ್ಯಾಕತ್ತಾರ. ನಮ್ಮ ಓಣಿ ಬಿಟ್ಟಾರ. ಮುಂದಿನ ಸಲ ನಾವೇನ ಈಸಾಡಕೋತ ಹೋಗಬೇಕೇನ?”

“ಐದ ಮಂದಿ ಬಂದಿಲ್ಲ ಅಂತಾರಲ್ರಿ ಆಯಿ!” ಎಂದು ಸಿಡುಕಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರು ಒಳಗೆ ಹೋಗಿ ಟ್ರಂಕಿನಿಂದ ಮಹಾಪೂರ ಬಂದ ವರ್ಷದ ಮರಾಠಿ ಕ್ಯಾಲೆಂಡರ್ ತಂದರು. ನಮ್ಮ ಕಡೆ ಮನೆಮಾತು ಕನ್ನಡವಾದರೂ ಡೇರಿಗೆ ಹಾಕಿದ ಹಾಲಿನ ಲೆಕ್ಕ ಗುರುತು ಹಾಕುವುದು ಅದರ ಚೌಕಗಳಲ್ಲೇ. ದಿನಕ್ಕೆ ಮೂರು ಲೀಟರ್, ಮತ್ತೆ ಮೂರು ಲೀಟರ್. ಆಮೇಲೆ ನಾಲ್ಕು ದಿನ ಹಾಲಿಲ್ಲ. ಆ ಮೊದಲ ದಿನದ ಮೂಲೆಯಲ್ಲಿ ಪೆನ್ಸಿಲಿನಿಂದ ಮರಾಠಿಯಲ್ಲಿ ಬರೆದಿತ್ತು: ನೀರು ಹೊಸ್ತಿಲವರೆಗೆ, ಎಮ್ಮೆ ಶಾಲೆಯಲ್ಲಿ.

ಮುಂದೊಂದು ದಿನ ಸಂಶೋಧನೆಗೆ ಯಾರೋ ಬರುತ್ತಾರೆಂದು ಯಾರೂ ಹಾಲು ನಿಲ್ಲಿಸಿ ಬರೆದಿಡುವುದಿಲ್ಲ. ನಾನು ಆ ಪುಟದ ಫೋಟೊ ತೆಗೆದುಕೊಂಡೆ.

ಆ ಐವರ ಬಳಿಗೆ ಮತ್ತೆ ಹೋಗಿ, ಮೊದಲ ಸಲ ಕೇಳದೇ ಬಿಟ್ಟಿದ್ದನ್ನು ಕೇಳಿದೆ: “ನಿಮಗ ಹ್ಯಾಂಗ ಗೊತ್ತಾತ್ರಿ?” ನೀರು ಏರಿದ ದಿನ ಐವರೂ ಊರಾಚೆಯ ಗಂಜಿ ಕೇಂದ್ರದಲ್ಲಿದ್ದರು. ಒಬ್ಬರು ಮೊಬೈಲ್ ತೆಗೆದು ನನ್ನದೇ ನಕ್ಷೆ ತೋರಿಸಿದರು.

“ಇದರಾಗ ಐತಲ್ರಿ ಬಾಯಾರ. ಕಲತಾವ್ರ ಸುಳ್ಳ ಹಾಕ್ತಾರೇನ್ರಿ?”

ಉಳಿದ ನಾಲ್ವರದೂ ಅದೇ ಉತ್ತರ. ಅಯ್ಯೋ, ನನ್ನ ಹುಂಬತನವೇ! ನನ್ನ ಮಾತನ್ನೇ ಐದು ಬಾಯಿಂದ ಕೇಳಿ ಬರೆದುಕೊಂಡಿದ್ದೆ.

ಅಂದೇ ಪಂಚಾಯಿತಿಗೆ ಹೋಗಿ ತಪ್ಪು ನನ್ನದೆಂದು ಒಪ್ಪಿಕೊಂಡೆ. ತಿದ್ದಿದ ನಕ್ಷೆ ಕೊಟ್ಟು, ಗುಂಪಿಗೂ ಹಾಕಿದೆ. ದೋಣಿಯ ಪಟ್ಟಿಗೆ ಆಯಿಯ ಓಣಿ ಸೇರಿತು.

ಹದಿನೈದು ದಿನ ಬಿಟ್ಟು ಹೋದಾಗ, ಗಂಜಿ ಕೇಂದ್ರದಲ್ಲಿದ್ದ ಆ ಐವರಲ್ಲೊಬ್ಬರು ಬಸ್ ಸ್ಟ್ಯಾಂಡಿನಲ್ಲೇ ಸಿಕ್ಕರು.

“ಹೌದ್ರಿ ಬಾಯಾರ, ಆಯಿ ಹೊಸ್ತಲ ತನಕಾ ನೀರ ಬಂದಿತ್ತ. ನಾ ಕಣ್ಣಾರೆ ನೋಡೇನಿ.”

ನಾನು ನೋಟ್‌ಬುಕ್ ತೆಗೆಯಲಿಲ್ಲ.